ಶಿಕ್ಕಾ ಹತ್ತದ ಚೀಟಿ

ಕಾಗದ ಕಂಡರೆ ಉಳಿಸಬೇಕು ಎನ್ನಿಸುವುದು ನನಗಿರುವ ಒಂದೇ ಚಟ. ಇಸ್ಪೀಟಿಗೆ ಬೈಯುವಂತೆ ಇದಕ್ಕೆ ಯಾರೂ ಬೈಯುವುದಿಲ್ಲವಾದ್ದರಿಂದ ಬಿಡುವ ಪ್ರಯತ್ನವನ್ನೂ ನಾನು ಮಾಡಿಲ್ಲ. ಶಹಾಬಾದಿನಿಂದ ಜಿಲ್ಲಾ ಪತ್ರಿಕೆಯೊಂದಕ್ಕೆ ಮೂವತ್ತು ವರ್ಷ ಸುದ್ದಿ ಬರೆದವನಿಗೆ ಬಾಯಿಮಾತಿನ ಮೇಲೆ ನಂಬಿಕೆ ಉಳಿಯುವುದಿಲ್ಲ. ಯಾರಾದರೂ ಏನಾದರೂ ಹೇಳಿದರೆ ‘ಕಾಗದ ಎಲ್ಲಿದೆ?’ ಎಂದೇ ಮೊದಲು ಕೇಳುತ್ತೇನೆ. ನಮ್ಮ ಊರಿನಲ್ಲಿ ಕಾಗದಕ್ಕೆ ಆಯುಷ್ಯ ಕಡಿಮೆ. ಬೇಸಿಗೆಯ ಬೆವರು, ನೆಲಹಾಸಿನ ಪರ್ಸಿ ಕಲ್ಲು ಕೊಯ್ಯುವಲ್ಲಿಂದ ಹಾರಿಬರುವ ಬಿಳಿ ದೂಳು, ಅಂಗಿಯ ಕಿಸೆಯೊಳಗಿನ ಮಡಿಕೆ, ಇವು ಮೂರೂ ಸೇರಿದರೆ ಎಂಥ ಸರ್ಕಾರಿ ಆದೇಶವೂ ಎರಡು ತಿಂಗಳಲ್ಲಿ ನಾಲ್ಕು ಹೋಳು. ಆದ್ದರಿಂದ ಮಹತ್ವದ್ದು ಎನ್ನಿಸಿದ ಕಾಗದವನ್ನೆಲ್ಲ ನಾನು ಝೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಶನ್ ಮಾಡಿಸುತ್ತೇನೆ.

ಇದರಲ್ಲಿ ನಾನು ಒಂಟಿಯಲ್ಲ. ಈ ಭಾಗದಲ್ಲಿ ಪಡಿತರ ಚೀಟಿಯಿಂದ ಪಹಣಿಯವರೆಗೆ ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಕೆ ಬೀಳುತ್ತದೆ. ಭಂಕೂರದ ನನ್ನ ಗೆಳೆಯನೊಬ್ಬ ಎಮ್ಮೆಯ ವಿಮಾ ಪತ್ರವನ್ನು ಲ್ಯಾಮಿನೇಶನ್ ಮಾಡಿಸಿ ಅದರ ಗೋದಲಿಯ ಮೇಲೆಯೇ ತೂಗುಹಾಕಿದ್ದಾನೆ. ಎಮ್ಮೆ ಅದನ್ನು ಆಗಾಗ ನೆಕ್ಕುತ್ತದೆ; ಎರಡಕ್ಕೂ ಏನೂ ಆಗಿಲ್ಲ. ನನಗೆ ಮಾತ್ರ ಒಮ್ಮೆ ಹಾನಿಯಾಗಿತ್ತು. ಫ್ರಿಜ್ಜಿನ ಬಿಲ್ಲನ್ನು ಯಂತ್ರಕ್ಕೆ ಕೊಟ್ಟಾಗ ಅದು ಬಿಸಿ ತಗಲಿ ಪೂರ್ತಿ ಕಪ್ಪಾಗಿ ಹೊರಬಂದಿತು. ಆ ಕಪ್ಪು ಹಾಳೆಯನ್ನೂ ಎಸೆಯದೆ ಇಟ್ಟಿದ್ದೇನೆ. ಅದು ಬಿಲ್ ಎಂಬುದು ನನಗಾದರೂ ಗೊತ್ತಿದೆಯಲ್ಲ.

ಇಷ್ಟು ಪೀಠಿಕೆ ಅಕ್ಕನ ಗುಳಿಗೆಗಾಗಿ. ಅಕ್ಕ ಮಹಾದೇವಿ ಚಿಮ್ಮನಚೋಡದ ಶಾಲೆಯಲ್ಲಿ ಕಲಿಸಿ, ನಿವೃತ್ತಳಾಗಿ, ಈಗ ನಮ್ಮ ಜೊತೆ ಇದ್ದಾಳೆ. ಊರೆಲ್ಲ ಅವಳನ್ನು ಅಕ್ಕೋರು ಎನ್ನುತ್ತದೆ. ಅವಳಿಗೆ ಹಿಂದೆ ಮೂರ್ಛೆ ಬರುತ್ತಿತ್ತು. ಒಂದು ಪುಟ್ಟ ಬಿಳಿ ಗುಳಿಗೆ ಶುರುವಾದ ಮೇಲೆ ಒಮ್ಮೆಯೂ ಬಂದಿಲ್ಲ. ಒಂದು ದಿನವೂ ತಪ್ಪಿಸಕೂಡದು ಎಂಬುದಷ್ಟೇ ವೈದ್ಯರ ಕಟ್ಟಪ್ಪಣೆ. ಆದರೆ ಈ ಗುಳಿಗೆ ಮಂಪರು ತರಿಸುವ ಜಾತಿಯದು. ರೋಗವಿಲ್ಲದವರೂ ಹುಡುಕಿಕೊಂಡು ಬರುತ್ತಾರೆ. ಆದ್ದರಿಂದ ಚೀಟಿ ಇಲ್ಲದೆ ಮಾರುವಂತಿಲ್ಲ. ಎಷ್ಟು ಗುಳಿಗೆ, ಎಷ್ಟು ಸಲ ಎಂದು ವೈದ್ಯರು ಬರೆದಿರಬೇಕು. ಕೊಟ್ಟಾಗಲೆಲ್ಲ ಅಂಗಡಿಯವರು ಆ ಚೀಟಿಯ ಮೇಲೆಯೇ ತಾರೀಖು ಹಾಕಿ, ಅಂಗಡಿಯ ಮೊಹರಾದ ಶಿಕ್ಕಾ ಒತ್ತಿ, ಪುಸ್ತಕದಲ್ಲಿ ದಾಖಲಿಸಬೇಕು. ಅಕ್ಕನ ಚೀಟಿಯಲ್ಲಿ ತಿಂಗಳಿಗೊಮ್ಮೆಯಂತೆ ಮೂರು ಸಲ ಕೊಡಬಹುದೆಂದು ಇತ್ತು. ಮೊದಲ ಸಲದ ಶಿಕ್ಕಾ ಬಿದ್ದ ಮರುದಿನವೇ, ಇನ್ನೂ ಎರಡು ತಿಂಗಳು ಬಾಳಬೇಕಾದ ಕಾಗದವಲ್ಲವೇ ಎಂದು ನಾನು ಅದನ್ನು ಲ್ಯಾಮಿನೇಶನ್ ಮಾಡಿಸಿಬಿಟ್ಟೆ.

ಒಂದು ಭಾನುವಾರ ಬೆಳಿಗ್ಗೆ, ಗುಳಿಗೆಯ ಹಾಳೆಯಲ್ಲಿ ಒಂದೇ ಉಳಿದಿದ್ದಾಗ, ಔಷಧದಂಗಡಿಯ ಶಿವಶರಣಪ್ಪನ ಮುಂದೆ ಆ ಮಿಂಚುವ ಚೀಟಿಯನ್ನು ಇಟ್ಟೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

“ಸರ, ಇದರ ಮ್ಯಾಲ ಶಿಕ್ಕಾ ಎಲ್ಲಿ ಹೊಡೀಲಿ?”

“ಎಲ್ಲಿ ಬೇಕಲ್ಲಿ ಹೊಡೀರಿ.”

ಹೊಡೆದ. ನಂತರ ಹೆಬ್ಬೆರಳಿನಿಂದ ಸವರಿದ. ಮಸಿಯೆಲ್ಲ ಬೆರಳಿಗೆ ಬಂತು. ಚೀಟಿ ಮೊದಲಿಗಿಂತ ಸ್ವಚ್ಛವಾಯಿತು.

“ನೋಡ್ರಿ. ಇದೊಂದು ಚೀಟಿ ಹಿಡಕೊಂಡು ಹತ್ತು ಅಂಗಡ್ಯಾಗ ಹತ್ತು ಸಲ ಗುಳಗಿ ತಗೋಬಹುದು.”

“ನಾ ಹಂಗ ತಗೋತೀನೇನ್ರಿ?”

“ನೀವು ತಗೊಳ್ಳಂಗಿಲ್ರಿ. ಆದ್ರ ಪ್ಲಾಸ್ಟಿಕ್‌ಗೆ ಅದು ಗೊತ್ತಿಲ್ಲಲ್ರಿ.”

“ಹಿಂದಿನ ಮಗ್ಗಲಿಗಿ ಬರೀರಿ.”

“ಹಿಂದನೂ ಪ್ಲಾಸ್ಟಿಕ್ ಹಾಕ್ಸೀರಲ್ರಿ. ಕೆಲಸ ಭಾಳ ಪಕ್ಕಾ ಮಾಡ್ಸೀರಿ.”

ನನ್ನ ಕೈ ಪತ್ರಕರ್ತರ ಗುರುತಿನ ಚೀಟಿ ಇರುವ ಕಿಸೆಯತ್ತ ಹೋಯಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಶಿವಶರಣಪ್ಪ ಅದನ್ನು ಗಮನಿಸಿ ಗೋಡೆಯತ್ತ ಬೆರಳು ತೋರಿಸಿದ. ಅಲ್ಲಿ ಅವನ ಲೈಸೆನ್ಸಿನ ಪಕ್ಕದಲ್ಲಿ ಪತ್ರಿಕೆಯ ತುಣುಕೊಂದು ನೇತಾಡುತ್ತಿತ್ತು: ‘ಚೀಟಿ ಇಲ್ಲದೆಯೂ ಸಿಗುವ ಮಂಪರಿನ ಗುಳಿಗೆ’. ನಮ್ಮ ತಾಲ್ಲೂಕಿನ ಅಂಗಡಿಗಳು ನಿಯಮ ಪಾಲಿಸುತ್ತಿಲ್ಲವೆಂದು ಕಳೆದ ವರ್ಷ ನಾನೇ ಬರೆದ ವರದಿ.

“ಮೊದಲ ಗುರ್ತಿನವರ ಮಾರಿ ನೋಡಿ ಕೊಡ್ತಿದ್ದೆ, ಖರೇ. ನೀವು ಬರದ ಮ್ಯಾಲ ಔಷಧ ಇಲಾಖೆ ಸಾಹೇಬ್ರು ಬಂದು ನಾಲ್ಕು ತಾಸು ಇಲ್ಲೇ ಕುಂತು ಪುಸ್ತಕ ನೋಡ್ಯಾರ. ಯಾರರ ಗುಳಗಿ ಕೊಡು ಅಂತ ಜಗಳಕ್ಕ ಬಂದ್ರ ಇದನ್ನ ಓದ್ಕೊಳ್ರಿ ಅಂತೀನಿ. ಭಾಳ ಉಪಯೋಗ ಆಗ್ಯದ ಸರ.”

ಆ ತುಣುಕಿಗೂ ಲ್ಯಾಮಿನೇಶನ್ ಆಗಿತ್ತು. ಅಂಚು ಎಲ್ಲಿಯೂ ಸುಕ್ಕಾಗಿರಲಿಲ್ಲ. ಅಂಥ ಹೊತ್ತಿನಲ್ಲೂ ಕೆಲಸ ಚೆನ್ನಾಗಿದೆ ಎನ್ನಿಸಿತು.

ಮನೆಗೆ ಬಂದು ಹೆಂಡತಿಯ ಕೈಯಿಂದ ಬ್ಲೇಡು ಇಸಿದುಕೊಂಡು ಪ್ಲಾಸ್ಟಿಕ್ ಬಿಡಿಸಲು ಕುಳಿತೆ. ಮೊದಲ ಎರಡು ಅಂಗುಲ ಸಲೀಸಾಗಿ ಬಂತು. ಆಮೇಲೆ ಪ್ಲಾಸ್ಟಿಕ್ಕು ಕಾಗದದ ಮೇಲ್ಪದರವನ್ನೂ ಕಿತ್ತುಕೊಂಡು ಮೇಲೆದ್ದಿತು. ರೋಗಿಯ ಹೆಸರು ಕಾಗದದಲ್ಲಿ ಉಳಿಯಿತು, ವೈದ್ಯರ ಸಹಿ ಪ್ಲಾಸ್ಟಿಕ್ಕಿನ ಜೊತೆ ಹೋಯಿತು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಏನಾತೋ ತಮ್ಮಾ?”

“ಸ್ವಲ್ಪ ತಾಂತ್ರಿಕ ತೊಂದರೆ.”

“ಗುಳಗಿ ನುಂಗಾಕ ಎಂಥಾ ತಾಂತ್ರಿಕ?”

ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಆ ಒಂದೇ ಗುಳಿಗೆಯ ಹಾಳೆಯನ್ನು ಅಂಗೈಯಲ್ಲಿಟ್ಟುಕೊಂಡು ಕುರ್ಚಿಯ ಮೇಲೆ ಕುಳಿತಳು. “ಒಮ್ಮಿ ಕ್ಲಾಸಿನ್ಯಾಗ ಬಿದ್ದಿದ್ದೆ. ಎಚ್ಚರಾಗಿ ನೋಡ್ತೀನಿ, ಮೂರನೇ ಇಯತ್ತೆ ಹುಡುಗ್ರು ಎಲ್ಲಾ ಅಳಾಕತ್ತಿದ್ವು. ಇನ್ನೊಮ್ಮಿ ಯಾರ ಮುಂದೂ ಬೀಳಾಕ ಮನಸ್ಸಿಲ್ಲಪ್ಪ ನನಗ” ಎಂದಳು. ಅಂದಿನ ಗುಳಿಗೆ ಇತ್ತು. ಸೋಮವಾರದ್ದು ಇರಲಿಲ್ಲ. ಅಕ್ಕನನ್ನು ನೋಡುವ ಕಲಬುರಗಿಯ ಡಾಕ್ಟರಮ್ಮ ನಮ್ಮೂರಿಗೆ ಬರುವುದು ಮಂಗಳವಾರ. ಸೋಮವಾರ ಅವರು ಕೂರುವುದು ಚಿತ್ತಾಪುರದಲ್ಲಿ.

ಸೋಮವಾರ ಬೆಳಿಗ್ಗೆ ರೈಲು ಹತ್ತಿ, ವಾಡಿಯಲ್ಲಿ ಇಳಿದು, ಬೇರೆ ರೈಲು ಹಿಡಿದು ಚಿತ್ತಾಪುರಕ್ಕೆ ಹೋದೆವು. ವಾಡಿಯ ಪ್ಲಾಟ್‌ಫಾರಂ ಮೇಲೆ ಅಕ್ಕ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದಳು. ನಾಲವಾರದ ಮಠಕ್ಕೆ ಹೊರಟಿದ್ದ ಪಕ್ಕದ ಹೆಣ್ಣುಮಗಳು “ಎಲ್ಲಿಗಿ ಹೊಂಟೀರಿ ಅಕ್ಕಾರ?” ಎಂದು ಕೇಳಿದ್ದಕ್ಕೆ, “ನಮ್ಮ ತಮ್ಮ ನನ್ನ ಚೀಟಿಗಿ ಮಳಿಗಾಲದ ಅಂಗಿ ಹೊಲಿಸ್ಯಾನ. ಅದನ್ನ ಡಾಕ್ಟರಿಗೆ ತೋರಿಸಾಕ ಹೊಂಟೀವಿ” ಎಂದಳು. ಅಕ್ಕನ ಮಾತಿಗೆ ಹಳೆಯ ತಮಾಷೆ ಮರಳಿದ್ದು ಕೇಳಿ ನನಗೆ ರೊಟ್ಟಿ ಸೇರಿತು.

ಡಾಕ್ಟರಮ್ಮನ ಮೇಜಿನ ಮೇಲೆ ಕಾಗದವನ್ನೂ ಪ್ಲಾಸ್ಟಿಕ್ಕನ್ನೂ ಬೇರೆ ಬೇರೆಯಾಗಿ ಇಟ್ಟೆ. ಅವರು ಒಂದರ ಮೇಲೊಂದು ಹೊಂದಿಸಿ, ತಮ್ಮ ಸಹಿಯನ್ನು ತಾವೇ ಹುಡುಕಿದರು.

“ನಾ ನರದ ಡಾಕ್ಟರ್ ರೀ. ಪ್ಲಾಸ್ಟಿಕ್ ಸರ್ಜರಿ ನಂದಲ್ಲ.”

ಅಕ್ಕ ನನಗಿಂತ ಮೊದಲು ನಕ್ಕಳು. ಡಾಕ್ಟರಮ್ಮ ಅವಳನ್ನು ಪರೀಕ್ಷಿಸಿ, ಹೆಸರು, ವಯಸ್ಸು, ಊರು, ಗುಳಿಗೆಯ ಸಂಖ್ಯೆಯನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದು, ಚೀಟಿಯನ್ನು ನನ್ನ ಕೈಗೆ ಕೊಡದೆ ಅಕ್ಕನ ಕೈಗೆ ಕೊಟ್ಟರು. “ಇದನ್ನ ಮಡಚ್ರಿ, ಚೀಲದಾಗ ಹಾಕ್ರಿ, ಬೆವರು ಹತ್ತಲಿ, ಹರೀಲಿ. ಮೂರು ತಿಂಗಳಿಗಿ ತೀರಿಹೋಗೋ ಕಾಗದ ಇದು. ಶಾಶ್ವತ ಇರಬೇಕಾದವರು ನೀವು” ಎಂದರು.

ಚಿತ್ತಾಪುರದಲ್ಲಿಯೇ ಗುಳಿಗೆ ಕೊಂಡುಬಿಡೋಣ ಎಂದೆ. ಅಕ್ಕ ಒಪ್ಪಲಿಲ್ಲ. “ಇಲ್ಲ ಅಂದವ ಶಿವಶರಣಪ್ಪ. ಹೂಂ ಅನ್ನೋದೂ ಅವನೇ ಅನ್ಲಿ.” ಮಧ್ಯಾಹ್ನದ ರೈಲಿಗೆ ಹಿಂದಿರುಗಿ ನಿಲ್ದಾಣದಿಂದ ನೇರವಾಗಿ ಅವನ ಅಂಗಡಿಗೆ ಹೋದೆವು. ಶಿಕ್ಕಾ ಕಾಗದದ ಮೇಲೆ ಠಪ್ಪೆಂದು ಕೂತಿತು. ಅವನು ಸವರಿ ನೋಡಿದ. ಬೆರಳಿಗೆ ಏನೂ ಹತ್ತಲಿಲ್ಲ. ಅಕ್ಕ ಗುಳಿಗೆಯ ಹಾಳೆಗಳನ್ನು ಒಂದೊಂದಾಗಿ ಎಣಿಸಿ ಚೀಲಕ್ಕೆ ಹಾಕಿಕೊಂಡಳು. ಆ ಹಾಳೆಗಳ ಚರಪರಕ್ಕಿಂತ ಚೆಂದದ ಸದ್ದನ್ನು ಆ ಎರಡು ದಿನಗಳಲ್ಲಿ ನಾನು ಕೇಳಿರಲಿಲ್ಲ.

ಶಿವಶರಣಪ್ಪ ದೊಡ್ಡ ಪುಸ್ತಕ ತೆರೆದು ಬರೆಯತೊಡಗಿದ. ನಾನು ಬಗ್ಗಿ ಓದಿದೆ. ದಿನಾಂಕ, ರೋಗಿ, ವೈದ್ಯರು, ಔಷಧ, ಎಷ್ಟು. ಒಂದು ಹೆಚ್ಚಿನ ಪದವಿಲ್ಲ, ಒಂದು ಊಹೆಯಿಲ್ಲ. ನಮ್ಮ ಕಚೇರಿಗೆ ಇಂಥ ಒಬ್ಬ ವರದಿಗಾರ ಸಿಕ್ಕಿದ್ದರೆ ನನ್ನ ತಲೆಗೂದಲು ಇನ್ನೂ ಕಪ್ಪಗಿರುತ್ತಿತ್ತು. ಕೊನೆಯ ಷರಾ ಕಾಲಂನಲ್ಲಿ ಅವನು ಹೀಗೆ ಬರೆದ: ‘ಮೊದಲಿನ ಚೀಟಿ ಲ್ಯಾಮಿನೇಶನ್ ಆಗಿದ್ದರಿಂದ ಗುಳಿಗೆ ಕೊಟ್ಟಿಲ್ಲ. ಹೊಸ ಚೀಟಿ ತಂದ ಮೇಲೆ ಕೊಟ್ಟಿದೆ.’ ಹೊಸ ವರದಿಗಾರರು ಇಂಥ ಸುದ್ದಿ ತಂದರೆ ‘ಯಾರು ಮಾಡಿಸಿದ್ದು?’ ಎಂದು ಕೇಳಿ ಹಿಂದಕ್ಕೆ ಕಳಿಸುವುದು ನನ್ನ ರೂಢಿ. ಅಂದು ಮಾತ್ರ ಆ ಕೊರತೆ ಸುದ್ದಿಗೆ ಒಂದು ಘನತೆ ಕೊಟ್ಟಿದೆ ಎನ್ನಿಸಿತು.

ಅಕ್ಕ ಚಾಳೀಸು ಏರಿಸಿಕೊಂಡು ಪುಸ್ತಕ ತನ್ನತ್ತ ತಿರುಗಿಸಿಕೊಂಡಳು. “ಯಾರು ಮಾಡ್ಸಿದ್ರು ಅಂತ ಬರದಿಲ್ಲಲ್ಲಪ್ಪ?”

“ಬರೀಬೇಕೇನ್ರಿ ಅಕ್ಕೋರ?” ಎಂದು ಅವನು ನನ್ನ ಮುಖ ನೋಡಿದ.

“ಪೂರ್ತಿ ಬರಿ. ಅರ್ಧ ಉತ್ತರಕ್ಕ ನಾ ಎಂದೂ ಮಾರ್ಕ್ಸ್ ಕೊಟ್ಟಿಲ್ಲ.”

ಅವನು ನನ್ನ ಹೆಸರು ಬರೆದ. ಮುಂದೆ ‘ಪತ್ರಕರ್ತರು’ ಎಂದು ಗೌರವದಿಂದ ಸೇರಿಸಿದ. ಈ ಪುಸ್ತಕ ತುಂಬಿದ ಮೇಲೆ ಏನು ಮಾಡುತ್ತೀರಿ ಎಂದು ಸಹಜವೆಂಬಂತೆ ಕೇಳಿದೆ.

“ಮೂರು ವರ್ಷ ಜೋಪಾನ ಇಡಬೇಕ್ರಿ ಸರ. ಕಾಯ್ದೆ ಅದ.”

ನಾನು ಬರೆದ ಸುದ್ದಿಗಳು ಮರುದಿನ ಮಧ್ಯಾಹ್ನದ ಹೊತ್ತಿಗೆ ಮಿರ್ಚಿ ಭಜಿಯ ಎಣ್ಣೆ ಹೀರುತ್ತಿರುತ್ತವೆ. ಮೂವತ್ತು ವರ್ಷಗಳಲ್ಲಿ ನನ್ನ ಹೆಸರಿರುವ ಒಂದು ಸಾಲನ್ನು ಸರ್ಕಾರವೇ ಕಾಯ್ದೆ ಮಾಡಿ ಕಾಪಾಡುತ್ತಿರುವುದು ಇದೇ ಮೊದಲು. ಬಗ್ಗಿ ಇನ್ನೊಮ್ಮೆ ಓದಿದೆ. ತಿದ್ದುವಂಥದ್ದೇನೂ ಇರಲಿಲ್ಲ.