ಅತ್ತೆ ಒಲೆಗೆ ನೀರು ಸುರಿದ ಕ್ರಿಸ್‌ಮಸ್

ನಮ್ಮ ಸೋದರತ್ತೆಗೆ ಯೇಸುಸ್ವಾಮಿಯ ಮೇಲೆ ಎಂಥ ಭಕ್ತಿ ಗೊತ್ತೆ? ಅವನನ್ನು ಬೈಯದೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ! ಎಮ್ಮೆ ಒದ್ದರೆ ಬೈಗುಳ, ಸೌದೆ ಹೊಗೆಯಾಡಿದರೆ ಬೈಗುಳ. ಸ್ವಾಮಿಯನ್ನು ಬೈಯಬಾರದು, ತಮಿಳಿನಲ್ಲಿ ಜಪ ಮಾಡಬೇಕು ಎಂದು ಜಪದ ಮನೆಯ ಉಪದೇಶಿ ತಿದ್ದಲು ಹೋದರೆ, "ನಮ್ ಮಾತು ತಿಳೀದೆ ಇರಾಕೆ ಅವ್ನೇನು ತಾಲೂಕು ಕಚೇರಿ ದೊರೆಯಾ?" ಅಂದಳು.

ತಮಿಳು ಸೀಮೆಯ ಹನುಮಂತನಪಟ್ಟಿಯ ನಮ್ಮ ಕನ್ನಡದ ಒಕ್ಕಲು ಮನೆಗಳಲ್ಲಿ ಕ್ರಿಸ್ತರ ವೇದಕ್ಕೆ ಸೇರಿದವರು ಅತ್ತೆ, ಮಾವ ಇಬ್ಬರೇ. ಅಂದಿನಿಂದ ನಮ್ಮಪ್ಪ ತಂಗಿಯ ಅಂಗಳ ತುಳಿದಿರಲಿಲ್ಲ, ಅವಳ ಮನೆಯ ನೀರು ಮುಟ್ಟಿರಲಿಲ್ಲ.

ಬೆಟ್ಟದಾಚೆಯ ಅಣೆಕಟ್ಟೆಯ ನೀರು ಕಣಿವೆಗೆ ಇಳಿದ ಹೊಸತು. ಆ ವರ್ಷದ ಕ್ರಿಸ್‌ಮಸ್ಸಿಗೆ ದಿಂಡುಗಲ್ಲಿನ ಪಾದ್ರಿ ದೊರೆ, ದೊರೆಸಾನಿ ಇಬ್ಬರೂ ಅತ್ತೆಯ ಮನೆಗೇ ಊಟಕ್ಕೆ ಬರುವುದೆಂದಾಯಿತು. ಅತ್ತೆಯ ತಲೆ ಕೆಟ್ಟಿತು. ಗೋಡೆಗೆ ಸುಣ್ಣ, ಬಾವಿಕಟ್ಟೆಗೆ ಸುಣ್ಣ, ಜಗಲಿಯ ಗೋಡೆಗೆ ಕಾಲು ಚಾಚಿ ಮಲಗಿದ್ದ ಮಾವನ ಅಂಗಾಲಿಗೂ ಸುಣ್ಣ!

"ಎಬ್ಸಬಾರ್ದಾ?" ಅಂದರು ಮಾವ.

"ಎಬ್ಸಿದ್ರೆ ಮಾತಾಡ್ತೀರಿ. ಮಾತಿಗೆ ಹೊತ್ತಿಲ್ಲ."

ತವರಿಗೆ ಬಂದಿದ್ದ ನಾನು ಅಪ್ಪನ ಕಣ್ಣು ತಪ್ಪಿಸಿ ಕಜ್ಜಾಯ ಬೇಯಿಸಲು ಹೋದೆ. ಹಬ್ಬದ ಬೆಳಿಗ್ಗೆ ಕ್ರೈಸ್ತ ಸಭೆಯ ಬೇರೆ ಕೇರಿಗಳ ಹೆಂಗಸರೆಲ್ಲ ಅಲ್ಲೇ ಇದ್ದರು. ಒಬ್ಬಳು ಮಸಾಲೆ ಅರೆದರೆ ಇನ್ನೊಬ್ಬಳು ಉಪ್ಪಿಗಾಗಿ ಜಗಳವಾಡುತ್ತಿದ್ದಳು. ಜಪದ ಮನೆಯ ಗಂಟೆ ಯಾರ ಕಿವಿಗೆ ಬೀಳಬೇಕು? ಕೊನೆಗೆ ಉಪದೇಶಿಯೇ ಬಂದು ಬಾಗಿಲಲ್ಲಿ ನಿಂತ. ದೊರೆ, ದೊರೆಸಾನಿ ಬಂದು ಕೂತಿದ್ದಾರೆ, ಬೇರೆ ಒಂದು ಪಿಳ್ಳೆಯೂ ಇಲ್ಲ ಎಂದ.

ಅತ್ತೆ ಸೌಟು ಕೆಳಗಿಟ್ಟಳು. ಎಣ್ಣೆಯ ಬಾಣಲೆ ಇಳಿಸಿದಳು. ಆಮೇಲೆ ನೀರಿನ ಕೊಡ ಎತ್ತಿ, ಧಗಧಗ ಉರಿಯುತ್ತಿದ್ದ ಒಲೆಗೆ ಸುರಿದೇಬಿಟ್ಟಳು. ಹಬ್ಬದ ದಿನ ಉರಿಯುವ ಒಲೆಗೆ ನೀರು! ನನ್ನ ಕೈಯ ಹಿಟ್ಟು ಕೈಯಲ್ಲೇ ಉಳಿಯಿತು. ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು.

"ಕೂಸು ಹುಟ್ಟ್ಯದೆ. ನೋಡಾಕೆ ಒಬ್ರೂ ಹೋಗ್ಲಿಲ್ಲ, ಎಲ್ರೂ ಒಲೆ ಮುಂದೆ ಕುಂತಿದೀವಿ. ಏಳ್ರಿ."

"ದೊರೆಗೆ ಊಟ?" ಎಂದರು ಮಾವ, ಮೆಲ್ಲಗೆ.

"ಹಸೀಲಿ. ಅವ್ರೂ ಮನ್ಸ್ರೇ."

ಮಸಾಲೆ ಮೆತ್ತಿದ ಕೈಗಳಲ್ಲೇ ಎಲ್ಲರೂ ನಡೆದರು. ನಾನು ಜಪದ ಮನೆಯ ಹೊರಗೆ ಕಿಟಕಿಯ ಬಳಿ ನಿಂತೆ. ಅತ್ತೆ ಮೊಣಕಾಲೂರಿ, "ಅಡ್ಗೆ ಗಲಾಟೇಲಿ ನಿನ್ನೇ ಮರ್ತ್‌ಬುಟ್ಟಿದ್ದೆ ಕಣಪ್ಪಾ" ಎಂದು ಜೋರಾಗಿ ಅತ್ತಳು. ನಮ್ಮ ಮಾತಿನ ಒಂದಕ್ಷರವೂ ತಿಳಿಯದ ದೊರೆ ತಲೆ ತಗ್ಗಿಸಿದರು.

ಜಪ ಮುಗಿಸಿ ಮನೆಗೆ ಬಂದರೆ ಒಲೆಯ ತುಂಬ ಒದ್ದೆ ಬೂದಿ. ಅಂಗಳದಲ್ಲಿ ದೊರೆ, ದೊರೆಸಾನಿಯೂ ಸೇರಿ ಹಸಿದ ಜನ. ಅತ್ತೆ ದಿಕ್ಕು ತೋಚದೆ ನಿಂತಳು.

ಆಗ ಬೇಲಿ ದಾಟಿ ಒಳಗೆ ಬಂದವರು ಯಾರು ಅಂದುಕೊಂಡಿರಿ? ನಮ್ಮಪ್ಪ! ತಲೆಯ ಮೇಲೆ ಸಜ್ಜೆ ಅನ್ನದ ದೊಡ್ಡ ಗಡಿಗೆ. ಹಿಂದೆ ಹುರುಳಿ ಸಾರು ಹೊತ್ತ ಅವ್ವ. ನನ್ನ ಜೀವವೇ ಹಾರಿಹೋಯಿತು. ಅಪ್ಪ ನನ್ನತ್ತ ನೋಡಲೂ ಇಲ್ಲ.

"ನಿನ್ ಮನೆ ಮೇಲೆ ಹೊಗೆ ನಿಂತೋಯ್ತು" ಅಂದ ತಂಗಿಗೆ. "ದಿನಾ ನೋಡ್ತೀನಿ. ಇವತ್ತು ಎದೆ ಝಲ್ ಅಂತು. ಬಂದ್ ನೋಡಿದ್ರೆ ನೀವ್ಯಾರೂ ಇಲ್ಲ, ಒಲೆ ನೆಂದು ಕುಂತದೆ. ಅದ್ಕೇ ಬೇಯ್ಸಿ ತಂದ್ವಿ."

ಅಪ್ಪ ಗಡಿಗೆ ಇಳಿಸಿ ಸುಣ್ಣ ಬಳಿದ ಜಗಲಿಯ ಮೇಲೆ ಕೂತ. ಬೇಲಿಯಾಚೆ ಊರವರು ಬಾಯಿ ತೆರೆದು ನೋಡುತ್ತಿದ್ದರು.

"ಒಂದ್ ಚೊಂಬು ನೀರ್ ಕೊಡವ್ವಾ" ಅಂದ ಅಪ್ಪ.

ಅತ್ತೆ ತಂದಳು. ಅಂಚಿನವರೆಗೆ ತುಂಬಿಸಿ ಓಡಿ ಬಂದ ರಭಸಕ್ಕೆ ಅರ್ಧ ನೀರು ಅಪ್ಪನ ಮಡಿಲಿಗೇ ಚೆಲ್ಲಿತು. ಉಳಿದದ್ದನ್ನು ಅಪ್ಪ ಒಂದು ಹನಿಯೂ ಬಿಡದೆ ಕುಡಿದ.