ಖಾಲಿ ಕೊಡಬಾರದ ಪೆನ್ ಡ್ರೈವ್

ಸತ್ತ ಕಂಪ್ಯೂಟರ್ ಬದುಕಿಸುವುದು ನನ್ನ ಕಸುಬು. ಮನೆ ಡೊಂಬಿವಲಿಯಲ್ಲಿ, ಗಿರಾಕಿಗಳು ಕಲ್ಯಾಣದಿಂದ ಕಾಮೋಠೆ ತನಕ. ಕಂಪ್ಯೂಟರ್ ತನ್ನಷ್ಟಕ್ಕೆ ತಾನು ಸಾಯುತ್ತದೆ ಮಾರಾಯ್ರೆ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಬದುಕಿಸಲು ಹೋದಾಗ ಆಗುವ ಫಜೀತಿಯೆಲ್ಲ ಮನುಷ್ಯರಿಂದಲೇ. ಒಂದು ದಸರೆಯ ವಾರದ್ದು ಮಾತ್ರ ಹೇಳುತ್ತೇನೆ, ಸಾಕು.

ಆ ವಾರ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಚಿಂತೆ. ಠಾಣೆಯ ಒಂದು ಆಫೀಸಿನವರು ತಮ್ಮ ಎಲ್ಲ ಕಂಪ್ಯೂಟರುಗಳ ವರ್ಷದ ಕೆಲಸ ನನಗೇ ಕೊಡುವ ಮಾತಾಡಿದ್ದರು. 'ಸೋಮವಾರ ಬೆಳಿಗ್ಗೆ ಬಂದು ಒಂದನ್ನು ಸರಿ ಮಾಡಿ ತೋರಿಸಿ' ಅಂದಿದ್ದರು ಮ್ಯಾನೇಜರ್. ಅದೊಂದು ಸಿಕ್ಕರೆ ದಿನಾ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುವುದು ತಪ್ಪುತ್ತಿತ್ತು. ಸರಿ ಮಾಡಲು ಬೇಕಾದ್ದು ನನ್ನ ಕೆಂಪು ಪೆನ್ ಡ್ರೈವ್. ಅದರೊಳಗೆ ವಿಂಡೋಸ್ ತುಂಬಿ, ಸತ್ತ ಕಂಪ್ಯೂಟರ್ ಅದರಿಂದಲೇ ಶುರುವಾಗುವ ಹಾಗೆ ತಯಾರು ಮಾಡಿ ಇಟ್ಟಿದ್ದೆ. ಬೇರೆ ಪೆನ್ ಡ್ರೈವುಗಳೂ ಇವೆ, ಆದರೆ ಎಂಥ ಮುದಿ ಕಂಪ್ಯೂಟರೂ ಮಾತು ಕೇಳುವುದು ಈ ಕೆಂಪಿನದ್ದು ಮಾತ್ರ.

ಹಣೆ

ಆಯುಧ ಪೂಜೆಯ ಮರುದಿನ ಘಣಸೋಲಿಯಿಂದ ಕರೆ ಬಂತು. ವಿಜಯಪುರ ಕಡೆಯವರು, ಲೋಡಿಂಗ್ ಕೆಲಸದವರ ಮೇಸ್ತ್ರಿ, ಇಲ್ಲಿನವರ ಬಾಯಲ್ಲಿ ಮುಕಾದಮರು. ಆಫೀಸಿನ ಕಂಪ್ಯೂಟರ್ ಏಳುತ್ತಿಲ್ಲ ಅಂದರು. ಹೋಗಿ ಕೆಂಪನ್ನು ಸಿಕ್ಕಿಸಲು ನೋಡಿದೆ, ಒಳಗೇ ಹೋಗುವುದಿಲ್ಲ. ಟಾರ್ಚ್ ಹಾಕಿ ನೋಡಿದರೆ ಯುಎಸ್‌ಬಿ ತೂತುಗಳ ತುಂಬ ಅರಿಶಿನ, ಕುಂಕುಮ, ಒಂದರಲ್ಲಿ ಅಕ್ಷತೆ ಕಾಳು.

"ಪೂಜಿ ಮಾಡೀವ್ರಿ," ಅಂದರು ಮುಕಾದಮರು.

"ಮಾಡಿ, ಬೇಡ ಅನ್ನಲಿಲ್ಲ. ತೂತಿನೊಳಗೆ ಯಾಕೆ?"

"ಅದರ ಹಣಿ ಎಲ್ಲೈತಿ ಅಂತ ಗೊತ್ತಾಗ್ಲಿಲ್ರಿ."

ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಅರ್ಧ ಗಂಟೆ ಕೆರೆದೆ. ಕೆಂಪು ಒಳಗೆ ಹೋಯಿತು, ವಿಂಡೋಸ್ ಹಾಕಿದೆ, ಕಂಪ್ಯೂಟರ್ ಎದ್ದಿತು. ಮುಕಾದಮರಿಗೆ ಕಣ್ಣಲ್ಲಿ ನೀರು ಬಂತು. ಚಪ್ಪಲಿ ಹಾಕುವಾಗ ತಿರುಗಿ ನೋಡಿದರೆ, ಎದ್ದ ಖುಷಿಗೆ ಅದಕ್ಕೆ ಮತ್ತೆ ಕುಂಕುಮ ಹಚ್ಚುತ್ತಿದ್ದರು. ಅದೇ ತೂತಿಗೆ.

ಪಾಳಿ

ಶನಿವಾರ ಕಾಮೋಠೆ. ಅಲ್ಲಿಯವರು ಕಲಬುರಗಿ ಕಡೆಯ ಫ್ಯಾಕ್ಟರಿ ಸೂಪರ್‌ವೈಸರ್. ಬೆಳಿಗ್ಗೆ ಫೋನಿನಲ್ಲಿ, 'ಹೆಂಗ ರಿಪೇರಿ ಮಾಡ್ತೀರಿ?' ಅಂತ ಕೇಳಿದರು. ಕೇಳಿದರಲ್ಲ ಪಾಪ ಅಂತ ವಿವರಿಸಿದೆ: ಸ್ವಿಚ್ ಹಾಕಿದ ಕೂಡಲೇ ಎಫ್ ಹನ್ನೆರಡರ ಗುಂಡಿ ಒತ್ತುತ್ತಲೇ ಇರಬೇಕು, ಬಿಡಬಾರದು, ಆಗ ಪರದೆ ಮೇಲೆ ಪೆನ್ ಡ್ರೈವಿನ ಹೆಸರು ಬರುತ್ತದೆ. ನನ್ನದೇ ತಪ್ಪು. ಗಿರಾಕಿಗೆ ವಿದ್ಯೆ ಹೇಳಿಕೊಡಬಾರದು.

ಠಾಣೆಯಲ್ಲಿ ಗಾಡಿ ಬದಲಿಸಿ, ರಿಕ್ಷಾ ಹಿಡಿದು ನಾನು ತಲುಪುವಾಗ ಫೋನ್ ಇಟ್ಟು ಎರಡು ಗಂಟೆ ಕಳೆದಿತ್ತು. ಕಂಪ್ಯೂಟರ್ ಮುಂದೆ ಅವರ ಅತ್ತೆ ಕೂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎಫ್ ಹನ್ನೆರಡು ಒತ್ತುತ್ತಿದ್ದರು.

"ಇವರು ಯಾಕೆ?" ಅಂದೆ.

"ನನ್ನ ಬೆರಳು ನೋಯ್ಲಿಕ್ಕತ್ತು. ಅದಕ್ಕ ಪಾಳಿ ಹಚ್ಚೀವ್ರಿ. ನೀವ ಹೇಳಿದ್ರೆಲ್ಲ, ಬಿಡಬ್ಯಾಡ್ರಿ ಅಂತ."

"ಸಾರ್, ಪೆನ್ ಡ್ರೈವ್ ನನ್ನ ಕಿಸೆಯಲ್ಲಿ ಉಂಟು."

ಅವರು ಸ್ವಲ್ಪ ಯೋಚಿಸಿದರು. "ಅದ ಅಂತೀನಿ, ಹೆಸರ ಯಾಕ ಬರವಲ್ದು ಅಂತ."

ಅತ್ತೆ ಬೆರಳು ತೆಗೆಯದೆ ನನ್ನ ಕಡೆ ನೋಡಿ, "ಈಗ ಬಿಡ್ಲೇನಪಾ?" ಅಂದರು.

ತೊಳೆದದ್ದು

ಭಾನುವಾರ ನಾನು ಕಲ್ಯಾಣದಲ್ಲಿ ನೆಂಟರ ಮನೆಗೆ ಹೋಗಿದ್ದೆ. ಕೆಂಪು ಮನೆಯಲ್ಲಿ, ಬ್ಯಾಗಿನೊಳಗೆ ಇತ್ತು. ಸೋಮವಾರ ಬೆಳಿಗ್ಗೆ ಬ್ಯಾಗ್ ಎತ್ತಿಕೊಂಡು ಸೀದಾ ಠಾಣೆಯ ಆಫೀಸು. ಮ್ಯಾನೇಜರ್ ಕೈಕಟ್ಟಿ ನಿಂತಿದ್ದರು, ಅವರ ಹಿಂದೆ ಇಡೀ ಆಫೀಸು. ಕೆಂಪನ್ನು ಸಿಕ್ಕಿಸಿದೆ. ಕಂಪ್ಯೂಟರ್ ಏಳಲಿಲ್ಲ. ತೆಗೆದು ಹಾಕಿದೆ, ಏಳಲಿಲ್ಲ. ಪಕ್ಕದ ಕಂಪ್ಯೂಟರಿಗೆ ಹಾಕಿ ಒಳಗೆ ನೋಡಿದೆ. ನನ್ನ ವಿಂಡೋಸ್ ಇರಲಿಲ್ಲ, ಒಂದೇ ಒಂದು ಫೈಲ್ ಇತ್ತು. ಒತ್ತಿದೆ. ತಾಳ, ಹಾರ್ಮೋನಿಯಂ ಸಮೇತ ಭಜನೆ ಶುರುವಾಯಿತು.

ಗಡಿಬಿಡಿಯಲ್ಲಿ ಭಜನೆ ನಿಲ್ಲಿಸಿದೆ. ಮನೆಗೆ ಫೋನ್ ಮಾಡಿದೆ. "ನಿನ್ನೆ ಪಕ್ಕದ ಮನೆ ದೊಡ್ಡಮ್ಮ ಭಜನಾ ಮಂಡಳಿಯ ಫೋಟೋ ಪ್ರಿಂಟ್ ಮಾಡಿಸಲಿಕ್ಕೆ ಪೆನ್ ಡ್ರೈವ್ ಕೇಳಿದ್ರು, ಕೊಟ್ಟೆ. ಸಂಜೆಗೇ ವಾಪಸ್ ಕೊಟ್ಟಿದ್ದಾರಲ್ಲ," ಅಂದಳು ಅಮ್ಮ. ಹೇಳಿ ಫೋನನ್ನು ಅಲ್ಲೇ ಕೂತಿದ್ದ ದೊಡ್ಡಮ್ಮನಿಗೇ ಕೊಟ್ಟಳು. ಉಡುಪಿ ಕಡೆಯ ಈ ದೊಡ್ಡಮ್ಮ ನಮಗೆ ಸಂಬಂಧದಲ್ಲಿ ಏನೂ ಅಲ್ಲ. ಆದರೆ ಮನೆಯಲ್ಲಿ ಅವರ ಮಾತೇ ಕೊನೆ.

"ಒಳಗೆ ಎಂತೆಂತದೋ ಕಸ ಇತ್ತು ಮಗಾ, ಹೆಸರು ಓದಲಿಕ್ಕೂ ಬರುವುದಿಲ್ಲ. ಒಬ್ಬರ ಪಾತ್ರೆ ತಂದರೆ ಹಾಗೇ ಕೊಡಲಿಕ್ಕಾಗ್ತದಾ? ಎಲ್ಲ ತೊಳೆದು ಕೊಟ್ಟಿದ್ದೇನೆ. ಖಾಲಿ ಕೊಡಬಾರದಲ್ಲ, ಹಾಗೆ ಒಂದು ಭಜನೆ ಹಾಕಿದೆ."

"ಏನಂತೆ?" ಅಂದರು ಮ್ಯಾನೇಜರ್. ಸುಳ್ಳು ಹುಡುಕುವಷ್ಟೂ ತ್ರಾಣ ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೇ ಮರಾಠಿಯಲ್ಲಿ ಹೇಳಿದೆ. ಅವರು ನಗಲಿಲ್ಲ. "ನಮ್ಮ ಆಯಿಯೂ ಖಾಲಿ ಡಬ್ಬಾ ಯಾರಿಗೂ ವಾಪಸ್ ಕೊಡುವುದಿಲ್ಲ," ಅಂದರು ಗಂಭೀರವಾಗಿ. ಅವರದೇ ನೆಟ್‌ನಲ್ಲಿ ವಿಂಡೋಸ್ ಇಳಿಸಿ ಕೆಂಪನ್ನು ಮತ್ತೆ ತಯಾರು ಮಾಡುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಕಂಪ್ಯೂಟರೇನೋ ಎದ್ದಿತು. ಕೆಲಸದ ವಿಷಯ ಕೇಳಿದರೆ ಮ್ಯಾನೇಜರ್, "ಬಘೂಯಾ," ಅಂದರು. ನೋಡೋಣ ಅಂತ. ಈ ಊರಲ್ಲಿ ಹುಟ್ಟಿ ಬೆಳೆದ ನನಗೆ ಅದರ ಅರ್ಥ ಗೊತ್ತು: ಮುಗಿಯಿತು. ಸಾಲದ್ದಕ್ಕೆ, ಮನೆಯ ಲ್ಯಾಪ್‌ಟಾಪಿಗೂ ವಿಂಡೋಸ್ ಹಾಕಬೇಕು ಅಂತ ಕೆಂಪನ್ನೂ ಇಟ್ಟುಕೊಂಡರು.

ಎರಡು ದಿನ ನನಗೆ ಅನ್ನ ರುಚಿಸಲಿಲ್ಲ. ದೊಡ್ಡಮ್ಮ ಕಳಿಸಿದ ಚಕ್ಕುಲಿಯನ್ನೂ ಮುಟ್ಟಲಿಲ್ಲ.

ಬುಧವಾರ ಮ್ಯಾನೇಜರ್ ಠಾಣೆ ಸ್ಟೇಷನ್ನಿನಲ್ಲಿ ಪೆನ್ ಡ್ರೈವ್ ಕೈಗಿಟ್ಟು, ಬಂದ ಗಾಡಿ ಹತ್ತಿದರು. ಮನೆಗೆ ಬಂದು ತೆರೆದರೆ ಮತ್ತೆ ಎಲ್ಲ ತೊಳೆದಿತ್ತು. ಒಂದೇ ಫೈಲ್. ಮರಾಠಿ ಭಜನೆ ಇರಬೇಕು ಅಂತ ಹಲ್ಲು ಕಚ್ಚಿ ಒತ್ತಿದೆ.

ವರ್ಷದ ಕೆಲಸದ ಕರಾರುಪತ್ರ. ಸಹಿ, ಸೀಲು ಸಮೇತ.

ಓಡಿಹೋಗಿ ದೊಡ್ಡಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ಅವರು ನಿಧಾನಕ್ಕೆ ಓದಿದರು.

"ನಿನ್ನ ಕಸ ಗುಡಿಸಿ ಇದಕ್ಕೆ ಜಾಗ ಮಾಡಿಕೊಟ್ಟದ್ದು ಯಾರು ಮಗಾ?"