ತಂಗಿಯ ಬಿ.ಬಿ.ಎ.ಗೆ ನಾನು ಬರೆದ ಚಾರ್ಟು

ನಮ್ಮ ಮನೆಯಲ್ಲಿ ಯಾರಾದರೂ ಒಂದು ಯೋಜನೆ ಹಾಕಿದರೆ ಸಾಕು, ಮರುದಿನದಿಂದಲೇ ಏನಾದರೂ ನಡೆಯತೊಡಗುತ್ತದೆ. ಯೋಜನೆಯಲ್ಲಿ ಬರೆದದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಡೆಯುತ್ತದೆ.

ನಾನು ಬಿ.ಎಸ್ಸಿ. ಓದಿದವನು. ಯಳಂದೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮೂರು ಕೊಳ್ಳೇಗಾಲದ ಹತ್ತಿರದ ಮುಳ್ಳೂರು. ತಂಗಿ ಪಿಯುಸಿ ಮುಗಿಸಿ ಕೊಳ್ಳೇಗಾಲದಲ್ಲಿ ಬಿ.ಬಿ.ಎ. ಸೇರುತ್ತೇನೆ ಎಂದಾಗ ಮೊದಲು ಅಡ್ಡ ಬಂದವರು ಚಿಕ್ಕಪ್ಪ. ಅವರದು ಹನೂರಿನಲ್ಲಿ ಪೈಪು, ನಲ್ಲಿ, ಪಂಪ್‌ಸೆಟ್ಟಿನ ಅಂಗಡಿ. ಮಕ್ಕಳಿಲ್ಲದ ಅವರಿಗೆ ಅಂಗಡಿ ನೋಡಿಕೊಳ್ಳಲು ಮನೆಯವರೇ ಒಬ್ಬರು ಬೇಕಿತ್ತು.

“ಯಾಪಾರವ ಕಾಲೇಜಲ್ಲಿ ಕಲ್ತಾರಾ? ನನ್ನಂಗ್ಡೀಲಿ ಬಂದು ಕೂರ್ಲಿ. ಮೂರು ವರ್ಸ ಯಾಕೆ? ಮೂರು ತಿಂಗ್ಳು ಸಾಕು” ಎಂದರು.

ತಂಗಿ ಅಳುಮುಖ ಮಾಡಿದಳು. ಅಪ್ಪ ಇಬ್ಬರಿಗೂ ಬೇಜಾರಾಗದ ಹಾಗೆ ತೀರ್ಪು ಕೊಟ್ಟರು: “ಓದ್ಲಿ. ಆದ್ರೆ ಒಂದು ಸಬ್ಜೆಕ್ಟ್ ಫೇಲಾದ್ರೂ ಹನೂರು ಬಸ್ ಅತ್ತಿಸ್ತೀನಿ.”

ಎಲ್ಲರೂ ನನ್ನ ಮುಖ ನೋಡಿದರು. ನಾನು ಸ್ಕೇಲು, ಪೆನ್ಸಿಲು ತೆಗೆದುಕೊಂಡು ಕೂತೆ.

ಮೊದಲ ವರ್ಷ

ಚಾರ್ಟಿನಲ್ಲಿ ವರ್ಷಕ್ಕೊಂದು ಕಾಲಂ. ಪಾಠಕ್ಕೆ ನೀಲಿ ಶಾಯಿ, ಪುನರಾವರ್ತನೆಗೆ ಹಸಿರು, ಪರೀಕ್ಷೆಗೆ ಕೆಂಪು. ನಡುಮನೆಯ ಗೋಡೆಗೆ ಅಂಟಿಸಿದೆ. ಅವ್ವ ಅದರ ಕೆಳಗೆ ನಿಂತು ಬಹಳ ಹೊತ್ತು ನೋಡಿ, “ಚೆಂದಾಗದೆ ಕಣ್ಲಾ, ರಂಗೋಲಿ ಇದ್ದಂಗದೆ” ಎಂದಳು.

ಮೊದಲ ಕೆಂಪು ದಿನ ಬಂತು. ತಂಗಿ ಬಸ್‌ಸ್ಟಾಪಿನಲ್ಲಿ ನಿಂತಳು. ಬಸ್ಸು ಬಂತು, ನಿಲ್ಲಲಿಲ್ಲ. ಇನ್ನೊಂದು ಬಂತು, ಬಾಗಿಲಲ್ಲಿ ಜನ ಜೋತಾಡುತ್ತಿದ್ದರು, ಅದೂ ನಿಲ್ಲಲಿಲ್ಲ. ಅಂದು ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆ ಎಂದರೆ ಇರುವ ಬಸ್ಸೆಲ್ಲ ಮಾದಪ್ಪನ ಬೆಟ್ಟಕ್ಕೆ. ಇದು ಗೊತ್ತಿಲ್ಲದ ಮಗು ಇಡೀ ತಾಲ್ಲೂಕಿನಲ್ಲಿ ಇಲ್ಲ. ನನ್ನ ಚಾರ್ಟಿಗೆ ಮಾತ್ರ ಗೊತ್ತಿರಲಿಲ್ಲ.

ಕೊನೆಗೆ ಬೆಟ್ಟಕ್ಕೆ ಹೊರಟ ಒಂದು ಗೂಡ್ಸ್ ಟೆಂಪೊ ನಿಂತಿತು. “ಅತ್ತವ್ವಾ, ಬೆಟ್ಟಕ್ಕಾ?” ಎಂದರು ಒಳಗೆ ತುಂಬಿಕೊಂಡಿದ್ದವರು. “ಪರೀಕ್ಷೆಗೆ” ಎಂದಳು. “ಅಂಗಾರೆ ಮೊದ್ಲು ಈಬೂತಿ ಇಕ್ಕವ್ವಾ” ಎಂದು ಒಬ್ಬ ಅಜ್ಜಿ ಹಣೆ ತುಂಬ ವಿಭೂತಿ ಬಳಿದಳು. ಕಾಲೇಜಿನ ಗೇಟಿನ ಮುಂದೆ ಟೆಂಪೊ ನಿಲ್ಲಿಸಿ, ಇವಳು ಇಳಿದು ಓಡುವಾಗ ಅಷ್ಟೂ ಜನ “ಉಘೇ ಮಾದಪ್ಪ, ಉಘೇ ಉಘೇ” ಎಂದು ಕೂಗಿದರು. ಪರೀಕ್ಷೆ ಬರೆಯುತ್ತಿದ್ದವರೆಲ್ಲ ಕಿಟಕಿಯತ್ತ ತಿರುಗಿದರು.

ಮೇಲ್ವಿಚಾರಕರು ಬಾಗಿಲಲ್ಲೇ ತಡೆದು ಕೇಳಿದರು: “ಏನಮ್ಮ, ಪರೀಕ್ಷೆ ಬರೆಯೋಕೆ ಬಂದ್ಯೋ, ಹರಕೆ ತೀರಿಸೋಕೋ?”

“ಬರೆಯೋಕೇ ಸಾ. ಪಾಸಾದ್ರೆ ಹರಕೆ.”

ಪಾಸಾದಳು. ಅವ್ವ ಮಾತ್ರ ನನ್ನನ್ನು ಬಿಡಲಿಲ್ಲ. “ಲೇ, ಅಮಾಸೆ ನೋಡ್ದೆ ಯಾರಾರ ಚಾರ್ಟ್ ಬರೀತಾರ್ಲಾ? ಇದ್ಕೇನಾ ನಿನ್ನ ಸೈನ್ಸ್ ಓದ್ಸಿದ್ದು?”

ಆ ರಾತ್ರಿ ಚಾರ್ಟಿಗೆ ಕಪ್ಪು ಶಾಯಿಯೂ ಸೇರಿತು.

ಎರಡನೇ ವರ್ಷ

ಆ ವರ್ಷದ ಕಾಲಂನಲ್ಲಿ ‘ವ್ಯಾಪಾರ ದಿನ’ ಎಂದು ಬರೆದಿದ್ದೆ. ವಿದ್ಯಾರ್ಥಿಗಳು ಕಾಲೇಜಿನ ಅಂಗಳದಲ್ಲಿ ಅಂಗಡಿ ಇಟ್ಟು, ಸಂಜೆ ಲಾಭನಷ್ಟ ಹೇಳಬೇಕು. ಅದಕ್ಕೆ ಅಂಕಗಳಿವೆ. ತಂಗಿ ಮಸಾಲೆ ಮಜ್ಜಿಗೆ, ಖಾರದ ಪುರಿ ಇಟ್ಟಳು. ಎಷ್ಟು ಲೋಟಕ್ಕೆ ಎಷ್ಟು ಮೊಸರು ಎಂಬುದನ್ನು ನಾನೇ ಅಳತೆ ಮಾಡಿ ಕೊಟ್ಟಿದ್ದೆ.

ಗಿರಾಕಿಗಳು ಕಡಿಮೆಯಾದಾರು ಎಂದು ಅವ್ವ ನೆಂಟರಿಗೆಲ್ಲ ಫೋನ್ ಮಾಡಿದ್ದಳು. ಇದು ನನ್ನ ಅಳತೆಯಲ್ಲಿ ಇರಲಿಲ್ಲ.

ಅಜ್ಜೀಪುರದಿಂದ ದೊಡ್ಡವ್ವನ ಮನೆಯವರು ಆಟೊ ತುಂಬ ಬಂದಿಳಿದರು. ಮಜ್ಜಿಗೆ ಕುಡಿದರು, ಪುರಿ ತಿಂದರು, ತಂಗಿಯ ಕೆನ್ನೆ ಸವರಿದರು. ದುಡ್ಡಿನ ಮಾತು ಅವರೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ನೆಂಟರ ಹತ್ತಿರ ಮಜ್ಜಿಗೆಗೆ ಕಾಸು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಮಗಳು ಮೊದಲ ಸಲ ಅಂಗಡಿ ತೆಗೆದಾಗ ಬರಿಗೈಯಲ್ಲಿ ಹೋಗುವ ಪದ್ಧತಿಯೂ ಇಲ್ಲ. ಒಂದು ಬಾಳೆಗೊನೆ, ಮೂಟೆ ತೆಂಗಿನಕಾಯಿ, ಒಂದು ಹಲಸಿನಹಣ್ಣು, ಕಾಲು ಕಟ್ಟಿದ ಒಂದು ನಾಟಿಕೋಳಿ ಅಂಗಡಿಯ ಮುಂದೆ ಸಾಲಾಗಿ ಕೂತವು.

ಸಂಜೆ ಅಂಕ ಕೊಡುವ ಮೇಡಂ ಬಂದರು. ಸರಕು ಬೆಳಿಗ್ಗೆ ಇದ್ದದ್ದಕ್ಕಿಂತ ಹೆಚ್ಚಾಗಿತ್ತು. ನಾನು ಓದಿದ ರಸಾಯನಶಾಸ್ತ್ರದಲ್ಲಿ ಹೀಗಾಗುವುದಿಲ್ಲ.

“ಬಂಡವಾಳ ಏನಮ್ಮ?”

“ಮೊಸರು, ಪುರಿ, ಮೇಡಂ.”

“ಲಾಭ?”

ತಂಗಿ ಒಮ್ಮೆ ಕೆಳಗೆ ನೋಡಿದಳು. “ಕೋಳಿ, ಮೇಡಂ.”

ಮೂರನೇ ವರ್ಷ

ಮೂರನೇ ಕಾಲಂನಲ್ಲಿ ದಪ್ಪ ಅಕ್ಷರದಲ್ಲಿ ‘ಇಂಟರ್ನ್‌ಶಿಪ್, ಮೈಸೂರು, ಒಳ್ಳೆಯ ಕಂಪನಿ’ ಎಂದಿತ್ತು. ಮೈಸೂರಿನ ಒಳ್ಳೆಯ ಕಂಪನಿಗಳು ಯಾವುವೂ ಉತ್ತರ ಬರೆಯಲಿಲ್ಲ. ಕೊನೆಯ ದಿನ ಹತ್ತಿರ ಬಂತು. ಕರೆದ ಕಡೆ ಒಂದೇ ಉಳಿದಿತ್ತು.

ಚೀಲ ತುಂಬುತ್ತಾ ತಂಗಿ ಹೇಳಿದಳು: “ಫೇಲಾಗ್ದೇನೇ ಹನೂರು ಬಸ್ ಅತ್ತಂಗಾಯ್ತಲ್ಲಣ್ಣ.”

ಭಾನುವಾರ ನೋಡಿ ಬರಲು ಹೋದೆ. ಚಿಕ್ಕಪ್ಪ ವ್ಯಾಪಾರ ಮಾಡುವುದನ್ನು ನಾನು ಅಲ್ಲಿಯವರೆಗೆ ಕೂತು ನೋಡಿದವನಲ್ಲ.

ಒಬ್ಬ ರೈತ ಬಂದ. “ಅಣ್ಣ, ಒಸಾ ಪಂಪ್‌ಸೆಟ್ ಕೊಡು.”

“ಹಳೇದ್ಕೇನಾಗದೆ?”

“ನೀರು ಎತ್ತಾಕಿಲ್ಲ.”

“ತಳದ ವಾಲ್ವು ಬಿಚ್ಚಿ ಕಸ ತಗ್ದ್ಯಾ?”

“ಇಲ್ಲ.”

“ಓಗ್ಲಾ, ತಗ್ದು ನೋಡು. ಒಸಾದು ಬ್ಯಾಡ.”

ಆತ ಖುಷಿಯಾಗಿ ಹೋದ. ಇನ್ನೊಬ್ಬ ನಾಲ್ಕು ಪೈಪು ಕೇಳಿದ. “ನಿನ್ ಜಮೀನು ನಂಗೊತ್ತಿಲ್ವಾ? ಮೂರು ಸಾಕು.” ಹೊಸದಾಗಿ ಮದುವೆಯಾದ ಜೋಡಿಯೊಂದು ಹೊಳೆಯುವ ನಲ್ಲಿ ಆರಿಸಿತ್ತು. “ಬಾಡ್ಗೆ ಮನೆಗೆ ಇದ್ಯಾಕವ್ವಾ? ಸ್ವಂತ ಮನೆ ಕಟ್ದಾಗ ಬಾ, ಅಲ್ಲೀಗಂಟ ಇಲ್ಲೇ ಇರ್ತದೆ.”

ತಂಗಿ ಮೂಲೆಯಲ್ಲಿ ಕೂತು ವರದಿ ಬರೆಯುತ್ತಿದ್ದಳು. ಒಳಗೊಳಗೇ ನಗುತ್ತಿದ್ದಳು. ‘ಗ್ರಾಹಕರ ತೃಪ್ತಿ’ ಎಂಬ ಭಾಗಕ್ಕೆ ಹೀಗೆ ಬರೆದಿದ್ದಳು: ‘ಕೊಂಡವರಿಗೆ ತೃಪ್ತಿ ಇದೆ. ಕೊಳ್ಳದೆ ಹೋದವರಿಗೆ ಇನ್ನೂ ಹೆಚ್ಚು.’

ವೈವಾ

ಬಾಕಿ ಉಳಿದದ್ದು ಈ ಮೌಖಿಕ ಪರೀಕ್ಷೆಯೊಂದೇ. ಹೊರಗಿನಿಂದ ಬಂದ ಪರೀಕ್ಷಕರು ಬಿಗಿ ಮುಖದವರು. ನಗಿಸಲು ಹೋದವರಿಗೆ ಅಂಕ ಕತ್ತರಿಸುತ್ತಾರೆ ಎಂದು ಸುದ್ದಿ. ತಂಗಿ ಹೊರಗೆ ಬಂದು ನನಗೆ ಹೇಳಿದ್ದು ಇಷ್ಟು.

ಅವರು ವರದಿ ತಿರುವುತ್ತಾ ಕೇಳಿದರಂತೆ: “ಈ ಅಂಗಡಿಗೆ ಹನೂರಲ್ಲಿ ಮುಖ್ಯ ಪ್ರತಿಸ್ಪರ್ಧಿ ಯಾರು?”

“ಮಾಲೀಕರು ಸಾ.”

ಪಕ್ಕದಲ್ಲಿದ್ದ ಮೇಡಂ ಕಣ್ಣು ಮುಚ್ಚಿಕೊಂಡರಂತೆ. ಪರೀಕ್ಷಕರು ಕನ್ನಡಕ ತೆಗೆದರು.

“ಬಸ್‌ಸ್ಟ್ಯಾಂಡಿಂದ ಮುಂದೆ, ಬೇವಿನಮರದ ಕೆಳಗಿರೋ ಅಂಗಡಿಯೇನಮ್ಮ?”

“ಹೌದು ಸಾ.”

“ತೋಟಕ್ಕೆ ಪೈಪ್ ತರೋಕೆ ಹೋಗಿದ್ದೆ. ವಾಷರ್ ಕೊಟ್ಟು ಕಳಿಸಿಬಿಟ್ರು.” ಕನ್ನಡಕ ಮತ್ತೆ ಹಾಕಿಕೊಂಡು ಸೇರಿಸಿದರಂತೆ: “ಇವತ್ತಿಗೂ ಸೋರಿಲ್ಲ.”

ನಾಲ್ಕನೇ ಕಾಲಂ

ಫಲಿತಾಂಶ ಬಂತು. ಎಲ್ಲ ವಿಷಯದಲ್ಲೂ ಪಾಸು. ಹನೂರು ಬಸ್ಸಿನ ಭಯ ಮುಗಿಯಿತು. ನಾನು ಚಾರ್ಟಿಗೆ ಹೊಸ ಹಾಳೆ ಅಂಟಿಸಿ ಮೈಸೂರು, ಎಂ.ಬಿ.ಎ. ಎಂದು ಬರೆದೆ. ಅಮಾವಾಸ್ಯೆಗಳನ್ನೆಲ್ಲ ಮೊದಲೇ ಕಪ್ಪು ಮಾಡಿದೆ. ಅನುಭವ, ಭಾಷೆ, ಕಂಪ್ಯೂಟರ್ ಎಲ್ಲ ಸೇರಿಸಿ ಐದು ವರ್ಷ ಬಂತು.

ತಂಗಿ ಅದನ್ನು ನೋಡಿ, “ಬ್ಯಾಡಣ್ಣ. ನಾನು ಚಿಕ್ಕಪ್ಪನ ಅಂಗಡಿಗೇ ಓಯ್ತೀನಿ. ಅಲ್ಲಿ ಸರಿ ಮಾಡೋದು ಬೇಕಾದಷ್ಟದೆ” ಎಂದಳು.

ಅಪ್ಪ ಕಂಗಾಲಾದರು. “ಪಾಸಾಗಿ ಹನೂರು ಬಸ್ ಅತ್ತತೀನಿ ಅಂತಾವ್ಳಲ್ಲೋ!”

ಮರುದಿನ ನಾನೂ ಅವಳೂ ಹನೂರಿಗೆ ಹೋದೆವು. ಚಾರ್ಟನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದಿದ್ದೆ. ಮೂರು ವರ್ಷದಿಂದ ಚಿಕ್ಕಪ್ಪ ಕೇಳುತ್ತಿದ್ದದ್ದು ಇದನ್ನೇ. ಕೈಹಿಡಿದು ಗಲ್ಲಾದ ಮುಂದೆ ಕೂರಿಸುತ್ತಾರೆ ಎಂದುಕೊಂಡಿದ್ದೆ.

ತಂಗಿ ಗಲ್ಲಾದ ಎದುರು ನಿಂತು, “ಚಿಕ್ಕಪ್ಪ, ಅಂಗಡಿ ನಂಗೆ ಕೊಡಿ. ಒಸಾ ತರ ಮಾಡ್ತೀನಿ” ಎಂದಳು.

ಚಿಕ್ಕಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಗಿರಾಕಿಗಳನ್ನು ನೋಡುವ ಆ ನೋಟ ನಾನು ಆ ಭಾನುವಾರ ಕಂಡಿದ್ದೇ.

“ಹಳೇದ್ಕೇನಾಗದೆ?”

ತಂಗಿ ತಿರುಗಿ ನನ್ನ ಮುಖ ನೋಡಿದಳು.

“ಇದು ನಿಂಗೆ ಬ್ಯಾಡ ಕಣವ್ವ. ನೀನು ಮೈಸೂರ್ಗೆ ಓಗು, ಓದು. ಬೇಕು ಅಂದಾಗ ಬಾ, ಅಲ್ಲೀಗಂಟ ಇಲ್ಲೇ ಇರ್ತದೆ.” ನನ್ನ ಕೈಯಿಂದ ಚಾರ್ಟು ಕಿತ್ತುಕೊಂಡು ಕೌಂಟರಿನ ಮೇಲೆ ಬಿಚ್ಚಿದರು. ಪೈಪು ಅಳೆಯುವ ಟೇಪನ್ನು ಅದರ ಮೇಲಿಟ್ಟು ಐದು ವರ್ಷವನ್ನೂ ನೋಡಿದರು. “ಐದು ಯಾಕ್ಲಾ? ಎರಡು ಸಾಕು.”

ಹೇಳಿದ ಮೇಲೆ ಕತ್ತರಿ ತೆಗೆದು, ಮಿಕ್ಕ ಮೂರು ವರ್ಷವನ್ನು ನೇರವಾಗಿ ಕತ್ತರಿಸಿ ನನ್ನ ಕೈಗೆ ಕೊಟ್ಟರು.

ತಂಗಿ ಏನೂ ಕೊಳ್ಳದೆ, ಬಹಳ ತೃಪ್ತಿಯಿಂದ ಅಂಗಡಿಯಿಂದ ಇಳಿದಳು.